ನೀರು ಬೇಡದ ಕ್ಯಾಪ್ಸೂಲ್

ಜೂನ್ 4, ಮಂಗಳವಾರ
ಇವತ್ತೂ ಕೆಮ್ಮಿನ ಸಿರಪ್ಪೇ. ಸುರಿದು ಸುರಿದು ಕೈಯೆಲ್ಲ ಅಂಟು. ಮಧ್ಯಾಹ್ನ ದೊಡ್ಡಾಸ್ಪತ್ರೆಯ ಡಾಕ್ಟರ್ ಬಂದು ನಮ್ಮ ಕ್ಲಿನಿಕ್ಕಿನ ನರ್ಸುಗಳಿಗೆಲ್ಲ ಟ್ರೈನಿಂಗ್ ಕೊಟ್ಟರು. ಸಿಓಪಿಡಿ — ಶ್ವಾಸನಾಳ ವರ್ಷಗಟ್ಟಲೆ ಕಿರಿದಾಗುತ್ತಾ ಹೋಗುವ ಕಾಯಿಲೆ. ಸಿಗರೇಟು ಸೇದುವವರಿಗೆ ಮಾತ್ರ ಅಂದುಕೊಂಡಿದ್ದೆ. ಸೌದೆ ಹೊಗೆ ಕುಡಿದವರಿಗೂ ಬರುತ್ತದಂತೆ. ಸಿರಪ್ ಕೊಟ್ಟು ಸಾಗಹಾಕ್ತೀರಲ್ಲ, ಅವರಲ್ಲಿ ಎಷ್ಟು ಜನಕ್ಕೆ ಇದಿದೆಯೋ ಅಂದರು.

ನನಗೆ ಅತ್ತಿಗೆ ನೆನಪಾದರು. ಅಣ್ಣನ ಬೇಕರಿಯ ಸೌದೆ ಭಟ್ಟಿ ಮುಂದೆಯೇ ಅವರ ಅರ್ಧ ಆಯಸ್ಸು ಹೋಗಿದೆ. ಅವರ ಕೆಮ್ಮಿಗೆ ಸಿರಪ್ ಬಾಟಲಿ ಹೊತ್ತುಕೊಂಡು ಹೋಗುತ್ತಿದ್ದದ್ದು ನಾನೇ.

ಜೂನ್ 7
ಅತ್ತಿಗೆಯನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದೆ. ಊದಿಸಿ ನೋಡುವ ಮಷೀನು ಕಪಾಟಿನಲ್ಲೇ ಇತ್ತು, ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಒಲೆ ಊದಿದಷ್ಟು ಸುಲಭ ಅಲ್ಲ ಇದು ಅಂತ ಅತ್ತಿಗೆ ನಗಿಸಿದರು. ಆಮೇಲೆ ಕೆಮ್ಮು ನಿಲ್ಲಲೇ ಇಲ್ಲ.

ಸಿಓಪಿಡಿನೇ. ಕ್ಯಾಪ್ಸೂಲ್, ಅದನ್ನು ಒಳಗಿಟ್ಟು ಉಸಿರೆಳೆಯಲು ಪುಟ್ಟ ಇನ್‌ಹೇಲರ್. ಹೇಗೆ ಅಂತ ಸಿಸ್ಟರ್ ತೋರಿಸ್ತಾರೆ ಅಂದರು ನಮ್ಮ ಡಾಕ್ಟರ್. ಸಿಸ್ಟರ್ ಅಂದರೆ ನಾನು. ಕ್ಯೂ ಬಾಗಿಲು ದಾಟಿತ್ತು. ಮನೆಯವರು ತಾನೆ, ಸಂಜೆ ಹೋಗಿ ತೋರಿಸಿದರಾಯಿತು ಅಂತ ಎರಡನ್ನೂ ಅತ್ತಿಗೆಯ ಚೀಲಕ್ಕೆ ಹಾಕಿದೆ.

"ಬೆಳಿಗ್ಗೆ ಒಂದು, ರಾತ್ರಿ ಒಂದು. ಮರೀಬೇಡಿ ಅತ್ತಿಗೆ."

ಸಂಜೆ ಹೋಗಲಾಗಲಿಲ್ಲ, ತಲೆನೋವು. ನಾಳೆ...

ಜೂನ್ 28
ಏನೂ ಗುಣ ಕಾಣುತ್ತಿಲ್ಲ. ಅತ್ತಿಗೆ ನಮ್ಮ ಮನೆ ಮೆಟ್ಟಿಲು ಹತ್ತಿ ಬಂದು, ಮಾತಾಡಲು ಆಗದೆ, ತಡಿ ಅಂತ ಕೈ ಸನ್ನೆ ಮಾಡಿದರು. ಔಷಧಿ ಬಿಟ್ಟಿದ್ದೀರಾ ಅಂದೆ. ಒಂದೂ ಬಿಟ್ಟಿಲ್ಲ ಅಂದರು. ನಂಬಲಿಲ್ಲ. ತಗೊಂಡಿದ್ದರೆ ಹೀಗೇಕೆ ಏದುಸಿರು?

ಅಣ್ಣನಿಗೆ ಫೋನ್ ಮಾಡಿ ಚಾಡಿ ಹೇಳಿದೆ — ಅತ್ತಿಗೆ ಸುಳ್ಳು ಹೇಳ್ತಿದ್ದಾರೆ, ನೀನೊಂದು ಸಲ ಗದರಿಸು.

ಜುಲೈ 2
ಗದರಿಸಿದನಂತೆ. ಈಗ ಇಬ್ಬರಿಗೂ ಮಾತಿಲ್ಲವಂತೆ. ಇರಲಿ, ಹಾಗಾದರೂ ದಾರಿಗೆ ಬರಲಿ.

ಜುಲೈ 9, ಆಸ್ಪತ್ರೆಯ ಕಾರಿಡಾರ್
ಅತ್ತಿಗೆ ಒಳಗಿದ್ದಾರೆ. ಮೂಗಿಗೆ ಆಕ್ಸಿಜನ್. ಭಟ್ಟಿ ಮುಂದೆಯೇ ಕುಸಿದರಂತೆ, ತುಟಿಯೆಲ್ಲ ನೀಲಿ.

ಬಟ್ಟೆ ತರಲು ಅವರ ಮನೆಗೆ ಹೋಗಿದ್ದೆ. ಶೋಕೇಸಿನಲ್ಲಿ, ಅಣ್ಣನ ಮಗಳ ಬಹುಮಾನದ ಕಪ್ಪಿನ ಪಕ್ಕ, ಇನ್‌ಹೇಲರ್. ಧೂಳು ಕೂರದಂತೆ ಒರೆಸಿಟ್ಟಿದ್ದಾರೆ. ಮಂಚದ ಹತ್ತಿರ ಕ್ಯಾಪ್ಸೂಲ್ ಡಬ್ಬಿ. ಪಕ್ಕದಲ್ಲಿ ನೀರಿನ ಲೋಟ.

ನುಂಗಿದ್ದಾರೆ. ಅಷ್ಟನ್ನೂ ನುಂಗಿದ್ದಾರೆ. ವಿಷವೇನಲ್ಲ, ಆದರೆ ಹೊಟ್ಟೆಗೆ ಹೋದದ್ದು ಶ್ವಾಸಕೋಶಕ್ಕೆ ಏನು ಮಾಡೀತು? ಒಂದೂ ಬಿಟ್ಟಿಲ್ಲ ಅಂದದ್ದು ನಿಜ. ನಿಜ ಹೇಳಿದವರನ್ನು ಗಂಡನ ಮುಂದೆ ಸುಳ್ಳುಗಾತಿ ಮಾಡಿದೆ. ಥೂ ನನ್ನ ಜನ್ಮಕ್ಕೆ.

ಜುಲೈ 12
ಅತ್ತಿಗೆ ಎದ್ದು ಕೂತಿದ್ದಾರೆ. ಕ್ಯಾಪ್ಸೂಲನ್ನು ಇನ್‌ಹೇಲರಿನಲ್ಲಿಟ್ಟು, ಚುಚ್ಚಿ, ಬಾಯಿಗಿಟ್ಟು ಜೋರಾಗಿ ಎಳೆಯಲು ಹೇಳಿದೆ. ಒಳಗೆ ಗಿರ್ರೆಂದು ತಿರುಗಿತು. ಅತ್ತಿಗೆಗೆ ಆಶ್ಚರ್ಯ.

"ಇದಕ್ಕಾ ಇದು? ಬೆಲೆ ಬಾಳೋ ಸಾಮಾನು, ಮುರಿದುಗಿರಿದು ಹೋದೀತು ಅಂತ ಎತ್ತಿಟ್ಟಿದ್ದೆ ಕಣೆ."

ಅಣ್ಣ ಬಾಗಿಲಲ್ಲಿದ್ದ. ಏನಾಯಿತು ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆಯೇ ಅಂದರು, "ಇವಳು ಸರಿಯಾಗೇ ಹೇಳಿಕೊಟ್ಟಿದ್ದಳು. ನನ್ನ ತಲೆಗೇ ಹೋಗ್ಲಿಲ್ಲ."

ಅಣ್ಣ ಹಣೆ ಚಚ್ಚಿಕೊಂಡ. ಓದಿದವಳು ಹೇಳಿದ್ದನ್ನು ಸ್ವಲ್ಪ ಕಿವಿಗೆ ಹಾಕ್ಕೋಬಾರದಾ ಅಂತ ಆಸ್ಪತ್ರೆ ಮಂಚದ ಮೇಲಿದ್ದವರನ್ನೇ ಬೈದ. ನಾನು ಹೊದಿಕೆ ಸರಿಮಾಡುತ್ತಾ ನಿಂತಿದ್ದೆ. ಸರಿಯಾಗಿಯೇ ಇದ್ದ ಹೊದಿಕೆ.

ಜುಲೈ 15
ಟ್ರೈನಿಂಗ್ ಆದಮೇಲೆ ಈ ಕ್ಯಾಪ್ಸೂಲ್ ಒಯ್ದವರನ್ನೆಲ್ಲ ಕರೆಸಿದೆ. ಹೇಗೆ ತಗೊಳ್ತೀರಿ ಅಂತ ಹೇಳಬೇಡಿ, ಮಾಡಿ ತೋರಿಸಿ ಅಂದೆ. ಪೇಂಟರ್ ಅಜ್ಜ ಕ್ಯಾಪ್ಸೂಲನ್ನು ನಾಲಿಗೆ ಮೇಲಿಟ್ಟುಕೊಂಡು ಸುತ್ತಮುತ್ತ ನೋಡಿದ.

"ಸಿಸ್ಟರ್, ನೀರು?"

ಕಾಂಪೌಂಡರ್ ಕಿಸಕ್ಕನೆ ನಕ್ಕ. ನನಗೆ ಅಳು ಬಂತು. ಅಜ್ಜನಿಗೆ ಕೊಟ್ಟವಳೂ ನಾನೇ. ಬೆಳಿಗ್ಗೆ ಒಂದು, ರಾತ್ರಿ ಒಂದು.

ಡಾಕ್ಟರಿಗೆ ಹೇಳಿದೆ, ಅಜ್ಜನದ್ದು ಮಾತ್ರ. ಒಳ್ಳೆ ಉದಾಹರಣೆ ಅಂದರು. ಶನಿವಾರ ಸಿಬ್ಬಂದಿ, ರೋಗಿಗಳು ಎಲ್ಲರನ್ನೂ ಸೇರಿಸೋಣ, ನೀವೇ ಮಾತಾಡಿ ಅಂತ ವಿಷಯವನ್ನೂ ಅವರೇ ಕೊಟ್ಟರು: ರೋಗಿಗಳು ಮಾಡುವ ತಪ್ಪುಗಳು.

ಜುಲೈ 20, ಶನಿವಾರ, ಬೆಳಿಗ್ಗೆ
ವಿಷಯ ನಿನ್ನೆಯೇ ಬೋರ್ಡಿನ ಮೇಲೆ ಬರೆದು ಬಂದೆ. ದೊಡ್ಡ ಅಕ್ಷರ, ಕೆಳಗೊಂದು ಗೆರೆ ಬೇರೆ. ಅತ್ತಿಗೆಯನ್ನೂ ಕರೆದಿದ್ದೇನೆ, ಅಣ್ಣ ಮೊದಲು ನಮ್ಮ ಮನೆಗೆ ಕರೆತರುತ್ತಾನೆ. ಡಿಸ್ಚಾರ್ಜ್ ಆಗಿ ಮೂರೇ ದಿನ, ಆದರೂ ಬರ್ತೀನಿ ಅಂದರು. "ನನ್ನ ದಡ್ಡತನದ ಕಥೆ ಹೇಳ್ತೀಯಾ? ಹೇಳು, ನಾಲ್ಕು ಜನಕ್ಕೆ ಉಪಯೋಗ ಆಗ್ಲಿ." ನಗುತ್ತಲೇ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೇಗ ಹೋಗಿ ಬೋರ್ಡಿನಲ್ಲಿ 'ರೋಗಿಗಳು' ಅನ್ನುವುದನ್ನು ಅಳಿಸಬೇಕು. ಅಲ್ಲಿ 'ನಾವು' ಅಂತ ಬರೆಯಬೇಕು. ಅದಕ್ಕೂ ಮುಂಚೆ ಅಣ್ಣನಿಗೆ... ಹತ್ತು ಜನರ ನಡುವೆ ಅವನಿಗೆ ಗೊತ್ತಾಗಬಾರದು.

ಕೆಳಗೆ ಸ್ಕೂಟರ್ ನಿಂತಿತು. ಅತ್ತಿಗೆ ಮೆಟ್ಟಿಲು ಹತ್ತುತ್ತಿದ್ದಾರೆ — ನಡುವೆ ನಿಂತು, ಉಸಿರು ತಗೊಂಡು, ಮತ್ತೆ. ಮೆಲ್ಲಗೆ ಬಾ ಅಂತ ಅಣ್ಣ ಗೊಣಗುವುದೂ ಕೇಳಿಸುತ್ತಿದೆ. ಇಬ್ಬರನ್ನೂ ಕೂರಿಸಿ, ಅವನ ಮುಖ ನೋಡಿಕೊಂಡೇ ಹೇಳಬೇಕು. ಅಣ್ಣಾ, ಆವತ್ತು ಅತ್ತಿಗೆಗೆ ನಾನು ತೋರಿಸಿಯೇ...