ಬೇಸ್ ಗಿಟಾರ್ ಇದೆ ಎಂದವನಿಗೆ

ಗೆಳೆಯ ಶ್ರೀಧರ,

ಹೇಗಿದ್ದೀಯ ಎಂದು ಕೇಳುವ ಹಾಗಿಲ್ಲ. ಬೈದುಬಿಡುತ್ತೇನೆ, ಅದೇ ಸಲೀಸು. ಹೈ-ರೆಸಲ್ಯೂಷನ್ ಆಡಿಯೋ, ಸಣ್ಣ ಸದ್ದೂ ಬಿಡಿಬಿಡಿಯಾಗಿ ಕೇಳಿಸುತ್ತೆ ಎಂದು ತಿಂಗಳುಗಟ್ಟಲೆ ನನ್ನ ತಲೆ ತಿಂದೆ. ಅದಕ್ಕೆಂದೇ ನೀನು ಪ್ಲೇಯರ್, ದೊಡ್ಡ ಹೆಡ್‌ಫೋನ್ ಕೊಂಡು ತಂದೆ. "ಭಾನುವಾರ ಬಾರೋ, ನಿನ್ನ ಕಿವಿ ತೆರೆಸ್ತೀನಿ" ಎಂದು ಫೋನ್ ಮಾಡಿದವನು ಶುಕ್ರವಾರವೇ ಎದೆ ಹಿಡಿದುಕೊಂಡು ಹೋಗಿಬಿಡುವುದೇ? ಅದ್ಯಾವ ಸೀಮೆ ಮರ್ಯಾದೆ?

ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಿಮ್ಮ ಮನೆಯ ಟೇಪ್‌ರೆಕಾರ್ಡರ್ ಮುಂದೆ ಕೂರುತ್ತಿದ್ದದ್ದು ನೆನಪಿದೆಯಾ? ನಿನಗೆ ಪ್ರಾಣವಾಗಿದ್ದ ಆ ಹೆವಿ ಮೆಟಲ್ ರಾಕ್ ಆಲ್ಬಂ ಹಾಕಿದರೆ ಆಫೀಸಿನಿಂದ ಬಂದ ನಿಮ್ಮಪ್ಪ ಶೂ ಕೂಡ ಬಿಚ್ಚದೆ, "ಇದೇನ್ರೋ, ತಗಡು ಕುಯ್ಯೋ ಸದ್ದು!" ಎಂದು ಗದರುತ್ತಿದ್ದರು. ನಮ್ಮ ಜಗಳ ಶುರುವಾದದ್ದೂ ಅಲ್ಲೇ. ಡ್ರಮ್ಸ್ ಇದೆ, ಗಿಟಾರ್ ಇದೆ, ಕಿರುಚಾಟವಂತೂ ಇದ್ದೇ ಇದೆ, ಅಡಿಯಲ್ಲಿ ದಪ್ಪ ಸ್ವರ ಹಿಡಿಯುವ ಬೇಸ್ ಗಿಟಾರ್ ಎಲ್ಲಿ ಎಂದು ನಾನು. ಇದೆ ಎಂದು ನೀನು. "ಕ್ಯಾಸೆಟ್ ಸರಿ ಇಲ್ಲ ಕಣೋ!" ಆಮೇಲೆ ಸಿ.ಡಿ. ಬಂತು, ಆಗ ಸ್ಪೀಕರ್ ಸರಿ ಇರಲಿಲ್ಲ. ನೀನು ಹಿಡಿದ ಮೊಲಕ್ಕೆ ಮೂರೇ ಕಾಲು.

ಕಾಲೇಜಿನ ಬ್ಯಾಂಡಿನಲ್ಲಿ ನೀನೇ ಬೇಸ್ ನುಡಿಸಿದ ಸಂಜೆಯೂ ನೆನಪಾಗುತ್ತದೆ. ಜನ ಗಿಟಾರಿನವನ ಹೆಸರು ಕೂಗುತ್ತಿದ್ದರು. ನೀನು ಪರದೆಯ ಪಕ್ಕ ತಲೆ ತಗ್ಗಿಸಿಕೊಂಡು ನುಡಿಸುತ್ತಲೇ ಇದ್ದೆ. ವೇದಿಕೆಯಿಂದ ಕೆಳಗಿಳಿದು ಬಂದು ಕೇಳಿದ್ದು ಒಂದೇ ಮಾತು: "ನಂದು ಕೇಳಿಸ್ತೇನೋ?"

"ಅಚ್ಛಾ, ನೀನೂ ನುಡಿಸ್ತಿದ್ಯಾ ಭಯ್ಯಾ?" ಎಂದೆ. ಇಬ್ಬರೂ ನಕ್ಕೆವು. ಆ ಆಲ್ಬಮ್ಮಿನ, ಯಾರಿಗೂ ಕೇಳಿಸದ ಬೇಸಿನವನ ಪರವಾಗಿ ನೀನು ಇಷ್ಟು ವರ್ಷ ಯಾಕೆ ವಾದಿಸಿದೆ ಎಂದು ಈಗ ಯೋಚಿಸಿದರೆ... ಬಿಡು.

ನಿನ್ನ ಕಾರ್ಯಗಳೆಲ್ಲ ಮುಗಿದ ಮೇಲೆ, ಹೋದ ಭಾನುವಾರ, ನಿನ್ನ ಹೆಂಡತಿ ಸುಮಾ ಪೀತಮ್‌ಪುರದ ನಿಮ್ಮ ಮನೆಗೆ ಕರೆದರು. "ಅವರು ನಿಮಗೆ ಕೇಳಿಸಬೇಕು ಅಂತಿದ್ರು, ಕೇಳಿಬಿಡಿ" ಎಂದು ನಿನ್ನ ಕುರ್ಚಿಯಲ್ಲೇ ಕೂರಿಸಿದರು. ಅದೇ ಆಲ್ಬಂ ಕೇಳಿದೆ ಕಣೋ. ಹಾಡುವವನು ಸಾಲಿಗೆ ಮೊದಲು ಉಸಿರೆಳೆದುಕೊಳ್ಳುವುದು ಕೇಳಿಸಿತು. ತಂತಿಯ ಮೇಲೆ ಬೆರಳು ಜಾರುವುದು ಕೇಳಿಸಿತು. ನಾವು ಸಿಡಿಲೆಂದುಕೊಂಡಿದ್ದ ಸದ್ದಿನೊಳಗೆ ಇಷ್ಟು ಮೆತ್ತಗಿನದೆಲ್ಲ ಇತ್ತೇ? ಬೇಸ್ ಮಾತ್ರ ಇಲ್ಲ. ಕಣ್ಣು ಮುಚ್ಚಿ, ಉಸಿರು ಹಿಡಿದು ಹುಡುಕಿದೆ. ಇಲ್ಲ. ಇಷ್ಟು ವರ್ಷದ ವಾದವನ್ನು ನಾನು ಗೆದ್ದಿದ್ದೆ. ಯಾರ ಮುಂದೆ ಕುಣಿಯಲಿ? ಅಳು ಬಂತು.

ಆಲ್ಬಂ ಮುಗಿದು ಹೆಡ್‌ಫೋನ್ ತೆಗೆದಾಗ ಸುಮಾ ಬಾಗಿಲಲ್ಲಿ ನಿಂತಿದ್ದರು. "ಅವರು ಹೇಳ್ತಿದ್ದದ್ದು... ಕೇಳಿಸ್ತಾ?"

"ಕೇಳಿಸ್ತು. ಅವನೇ ಸರಿ" ಎಂದುಬಿಟ್ಟೆ.

ನೀನು ಮೆಟಲ್ ಹಾಕಿದರೆ ಬಾಗಿಲು ಮುಚ್ಚುತ್ತಿದ್ದವರು ಹತ್ತಿರ ಬಂದು ಹೆಡ್‌ಫೋನ್ ಹಾಕಿಕೊಂಡರು. ಅದರಲ್ಲಿ ಆಗ ಏನೂ ಬರುತ್ತಿರಲಿಲ್ಲ. ಹಾಕಿಕೊಡೋಣವೆಂದು ನಾನು ಕೈ ಚಾಚಿದರೆ ಬೇಡವೆಂದು ತಲೆಯಾಡಿಸಿ ಕಣ್ಣು ಮುಚ್ಚಿದರು. ಆಮೇಲೆ, "ಹೌದು, ನಂಗೂ ಕೇಳಿಸ್ತಿದೆ" ಎಂದರು.

ಇನ್ನು ಮೇಲೆ ಯಾರು ಕೇಳಿದರೂ ಬೇಸ್ ಇದೆ ಎಂದೇ ಹೇಳುತ್ತೇನೆ. ನೀನು ಗೆದ್ದೆ ಕಣೋ.

ನಿನ್ನ,
ರವಿ