ಹೂಟರಿನ ತಂತಿ ಬಿಚ್ಚಿದ ಮುನಿಯಪ್ಪ ಮಾವನಿಗೆ

ಮಾವ,

ನಾಗರಾಜ ಬರೆಯುತ್ತಿದ್ದೇನೆ. ಕ್ಷೇಮ ಕೇಳುವುದಿಲ್ಲ. ಉತ್ತರ ಬರೆಯುವ ಸ್ಥಿತಿಯಲ್ಲಿ ನೀನಿಲ್ಲ, ಕೇಳುವ ಮನಸ್ಸಿನಲ್ಲಿ ನಾನಿಲ್ಲ. ನೀನು ಹೋದ ಹದಿನೈದನೇ ದಿನಕ್ಕೆ ಐಸ್ ಫ್ಯಾಕ್ಟರಿಯ ಬಾಗಿಲಲ್ಲಿ ನಿನ್ನ ಫೋಟೋ ಹಾಕಿದರು. ಕೆಳಗೆ ‘ಪ್ರಾಣ ಕೊಟ್ಟು ಪ್ರಾಣ ಉಳಿಸಿದ ಧೀರ’ ಎಂದು ಕೆಂಪು ಬಣ್ಣದಲ್ಲಿ ಬರೆಸಿದರು. ಒಳಗೆ ಹೋಗುವವರೆಲ್ಲ ಅದರ ಮುಂದೆ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು. ನಾನೊಬ್ಬನೇ ಮುಗಿಯಲಿಲ್ಲ. ಹಾರದ ಹಿಂದೆ ನೀನು ನಗುತ್ತಿದ್ದೆ, ನನಗೆ ಮೈಯೆಲ್ಲ ಉರಿಯುತ್ತಿತ್ತು. ಧೀರನಂತೆ! ಧೀರತನ ತೋರಿಸುವ ಸಂದರ್ಭವನ್ನು ತಂದಿಟ್ಟವರು ಯಾರು ಎಂದು ಆ ಪೇಂಟರನಿಗೆ ಗೊತ್ತಿತ್ತೇ?

ಆ ಪ್ಯಾನೆಲ್ ಕೂರಿಸಿದ ವಾರ ನೆನಪಿದೆಯಾ? ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿ ನಿವೃತ್ತಿಯಾಗಿ ನೀನು ಆ ಫ್ಯಾಕ್ಟರಿ ಸೇರಿದ್ದೆ. ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದೇ ಎಲೆಕ್ಟ್ರಿಕಲ್ ಅಂಗಡಿಯಾಗಿತ್ತು. ‘ನಮ್ಮ ಅಳಿಯ ಇದಾನೆ, ಅವನಿಗೇ ಕೊಡಿ’ ಎಂದು ಯಜಮಾನರಿಗೆ ಹೇಳಿ ಕೆಲಸ ಕೊಡಿಸಿದವನು ನೀನೇ. ಐಸ್ ಮಾಡಲು ಬಳಸುವ ಅಮೋನಿಯಾ ಆಗಲಿ, ಬೇರೆ ಅನಿಲವಾಗಲಿ ಸೋರಿದರೆ ಕೂಗಿ ಹೇಳುವ ಪೆಟ್ಟಿಗೆ. ಆರು ಕಡೆಯಿಂದ ಆರು ಸೆನ್ಸರ್‌ಗಳ ತಂತಿ ಒಂದೇ ಪೆಟ್ಟಿಗೆಗೆ ಬರಬೇಕು. ಅಮೋನಿಯಾ ಹಗುರ, ಮೇಲೇರುತ್ತದೆ ಎಂದು ಕಂಪ್ರೆಸರ್ ರೂಮಿನಲ್ಲೂ ಐಸ್ ತೊಟ್ಟಿಯ ಹಾಲಿನಲ್ಲೂ ನಾಲ್ಕನ್ನು ಸೂರಿನ ಹತ್ತಿರ ಹಾಕಿದೆವು. ಅಡುಗೆ ಗ್ಯಾಸು ಭಾರ, ನೆಲ ಹಿಡಿಯುತ್ತದೆ ಎಂದು ಕ್ಯಾಂಟೀನಿನಲ್ಲಿ ಒಂದನ್ನು ಮೊಣಕಾಲೆತ್ತರಕ್ಕೆ. ಬ್ಯಾಟರಿಯೂ ಅನಿಲ ಬಿಡುತ್ತದೆ ಎಂದು ಆರನೆಯದು ಜನರೇಟರಿನ ಬ್ಯಾಟರಿ ಇಟ್ಟ ಕೋಣೆಗೆ. ನೀನು ಏಣಿಯ ಮೇಲೆ ನಿಂತು ನಗುತ್ತಿದ್ದೆ: “ಒಂದು ಆಕಾಶಕ್ಕೆ ಓಗೋದು, ಒಂದು ಪಾತಾಳಕ್ಕೆ ಓಗೋದು. ಮಧ್ಯದಾಗೆ ನಾವು ನಿಂತಿರೋದು ಕಣ್ಲಾ!”

ಕರೆಂಟು ಕೊಟ್ಟು ಸೆನ್ಸರ್‌ಗಳು ಹದಕ್ಕೆ ಬರಲೆಂದು ಒಂದು ದಿನ ಪೂರ್ತಿ ಬಿಟ್ಟೆವು. ಆಮೇಲೆ ಶುದ್ಧ ಗಾಳಿಯಲ್ಲಿ ಒಂದೊಂದನ್ನೂ ಸೊನ್ನೆಗೆ ತಂದು, ಸಣ್ಣ ಸಿಲಿಂಡರಿನಿಂದ ಅಳತೆಯ ಅನಿಲ ಬಿಟ್ಟು, ಮುಳ್ಳು ಸರಿಯಾದ ಅಂಕಿಗೆ ಬರುವತನಕ ಸ್ಕ್ರೂ ತಿರುಗಿಸಿದೆವು. ನಿನಗೆ ತಾಳ್ಮೆಯಿತ್ತು, ನನಗಿರಲಿಲ್ಲ. “ಏನ್ಲಾ ಅಷ್ಟು ಅವಸರ, ಮದುವೆಗೆ ಓಗ್ಬೇಕಾ?” ಎಂದು ಬೈದು ಮೂರನೇ ಸೆನ್ಸರನ್ನು ಎರಡು ಸಲ ಮಾಡಿಸಿದೆ. ಅನಿಲ ಸ್ವಲ್ಪ ಇದ್ದರೆ ಕೆಂಪು ದೀಪ ಮಿಣುಕಬೇಕು. ಹೆಚ್ಚಾದರೆ ದೀಪ ನಿಂತು ಉರಿಯಬೇಕು, ಹೂಟರ್ ಕೂಗಬೇಕು, ಕಂಪ್ರೆಸರ್ ತಾನೇ ನಿಲ್ಲಬೇಕು. ಸೆನ್ಸರಿನ ತಂತಿ ಎಲ್ಲಿ ತುಂಡಾದರೂ ಹಳದಿ ದೀಪ. ಎಂಥ ಬುದ್ಧಿವಂತ ಪೆಟ್ಟಿಗೆ ಎಂದುಕೊಂಡೆ. ಆರು ಮೂಗು ಕಟ್ಟಿದರೂ ಅದಕ್ಕೆ ತಿಳಿಯುತ್ತಿತ್ತು, ತನ್ನ ಗಂಟಲು ಕೊಯ್ದರೆ ಮಾತ್ರ ತಿಳಿಯುತ್ತಿರಲಿಲ್ಲ. ಹೂಟರಿನ ತಂತಿ ಬಿಚ್ಚಿದರೆ ಯಾವ ದೀಪವೂ ಹತ್ತುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು.

ಮೊದಲ ಸಲ ಟೆಸ್ಟ್ ಬಟನ್ ಒತ್ತಿದ ಬೆಳಿಗ್ಗೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹೂಟರ್ ಏರಿ, ಇಳಿದು, ಮತ್ತೆ ಏರಿ ಕೂಗಿತು. ಎಂಥ ಗಂಟಲು ಎಂದು ನಾನು ಹಿಗ್ಗಿದೆ. ಐದು ನಿಮಿಷವಾಗಿರಲಿಲ್ಲ, ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನ್ ಮನೆಗಳ ಹೆಂಗಸರು ಇಳಿಜಾರಿನಲ್ಲಿ ಓಡಿ ಬಂದು ಗೇಟು ಹಿಡಿದು ನಿಂತಿದ್ದರು. ಎಲ್ಲರಿಗಿಂತ ಮುಂದೆ ನಮ್ಮ ವೆಂಕಟಮ್ಮತ್ತೆ. ಬರಿಗಾಲು, ಮೊಣಕೈವರೆಗೆ ರಾಗಿಹಿಟ್ಟು. “ಯಾವ ಶಾಫ್ಟು? ಯಾರು? ಎಷ್ಟು ಜನ?” ಎಂದು ಕೇಳುತ್ತಿದ್ದಳು. ತೊಟ್ಟಿ ಆಪರೇಟರ್ ಸೆಲ್ವಂ ಐಸ್ ಬೇಕಾ ಎಂದು ತಮಿಳಿನಲ್ಲಿ ತಮಾಷೆ ಮಾಡಲು ಹೋದ: “ಎನ್ನಕ್ಕಾ, ಐಸ್ ವೇಣುಮಾ?” ಯಾರೂ ನಗಲಿಲ್ಲ. ನಮ್ಮೂರಲ್ಲಿ ಗಣಿಯ ಸೈರನ್ನಿಗೆ ಸಂಗು ಅನ್ನುತ್ತಾರೆ, ಅದು ಪಾಳಿ ಬದಲಾಗುವಾಗ ಕೂಗಿದರೆ ಗಡಿಯಾರ, ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಒಳಗೆ ಬಂಡೆ ಸಿಡಿದಿದೆ ಎಂದು ಅರ್ಥ. ಅತ್ತೆ ತನ್ನ ಅಣ್ಣನಿಗಾಗಿ ಒಂದು ಸಲ ಹಾಗೆ ಓಡಿದ್ದಳು, ನಿನಗಾಗಿ ಮೂರು ಸಲ. ನೀನು ಮೂರು ಸಲವೂ ಮೇಲೆ ಬಂದೆ. ಅಣ್ಣ ಬರಲಿಲ್ಲ.

ಅವತ್ತು ಮಧ್ಯಾಹ್ನ ನೀನು ನನ್ನನ್ನು ಪಕ್ಕಕ್ಕೆ ಕರೆದೆ.

“ನಾಗ, ಈ ಸದ್ದು ಬೇಡ ಕಣ್ಲಾ. ಬೇರೆ ಯಾವ್ದಾದ್ರೂ ಆಕು. ಗಂಟೆ ಆಕು.”

“ಕಂಪ್ರೆಸರ್ ಗಲಾಟೆಯಾಗೆ ಗಂಟೆ ಯಾರಿಗೆ ಕೇಳ್ತದೆ ಮಾವ? ಇದು ಬಂದಿರೋದೇ ಇಂಗೆ. ಒಂದು ತಿಂಗಳು ಓದ್ರೆ ಎಲ್ರಿಗೂ ಅಬ್ಯಾಸ ಆಗ್ತದೆ.”

“ಆಗಲ್ಲ ಕಣ್ಲಾ ಅದು.”

“ಆಗ್ತದೆ ಬಿಡು.”

ನೀನು ಏಣಿ ಎತ್ತಿಕೊಂಡು ಹೊರಟೆ. ಒಪ್ಪಿಕೊಂಡೆ ಎಂದುಕೊಂಡು ನಾನು ಸಾಮಾನು ಕಟ್ಟಿದೆ.

ಪ್ಯಾನೆಲ್ ಪಕ್ಕದಲ್ಲಿ ಒಂದು ರಿಜಿಸ್ಟರ್ ನೇತುಹಾಕಿದ್ದು ನನ್ನ ಚಾಳಿ. ಕಂಡದ್ದನ್ನು ಗೆರೆ ಹಾಕಿ ಬರೆದಿಡದಿದ್ದರೆ ನನಗೆ ಊಟ ಸೇರುವುದಿಲ್ಲ. ಪ್ರತಿ ಸೋಮವಾರ ಟೆಸ್ಟ್ ಬಟನ್ ಒತ್ತಿ ನೋಡಿ ಆರು ಸೆನ್ಸರ್‌ಗಳ ಅಂಕಿ, ದೀಪ, ಹೂಟರ್, ಸಹಿ. ‘ಮೇಲಿನಂತೆ’ ಎಂದು ಬರೆಯಬಾರದು, ನೋಡಿ ನೋಡಿಯೇ ಬರೆಯಬೇಕು. ಇದನ್ನು ನನಗೆ ಕಲಿಸಿದವನು ಯಾರು? ನಿನ್ನ ಕೈಕೆಳಗೆ ಕೆಲಸ ಕಲಿಯುವಾಗ ಒಂದೇ ಒಂದು ಸಲ ‘ಮೇಲಿನಂತೆ’ ಬರೆದಿದ್ದಕ್ಕೆ ಪುಸ್ತಕ ಎಸೆದಿದ್ದೆಯಲ್ಲ! ಅಂಥವನ ದುಂಡು ಅಕ್ಷರದಲ್ಲಿ, ಕೊನೆಯ ಹನ್ನೊಂದು ಸೋಮವಾರಗಳ ಎದುರಿಗೆ, ‘ಹೂಟರ್: ಸರಿ’. ಎಣಿಸಿದ್ದೇನೆ ಮಾವ. ಹನ್ನೊಂದು ಸರಿ. ಹನ್ನೊಂದೂ ಸುಳ್ಳು.

ಆ ದಿನದ ಕಥೆಯನ್ನು ಗೇಟಿನೆದುರಿನ ಟೀ ಅಂಗಡಿಯ ಗೋವಿಂದ ನನಗೆ ಹೇಳಿದ. ಮೂರು ಗಂಟೆ ಬಿಸಿಲು. ನೀನು ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದೆ. ಕಂಪ್ರೆಸರ್ ಸದ್ದು ತಟ್ಟನೆ ನಿಂತಿತು. ಗೋವಿಂದ “ಓಯ್ತು ನೋಡು ಕರೆಂಟು” ಅಂದ. ಒಳಗೆ ಸೆಲ್ವಂ ಕೂಡ ಹಾಗೆಯೇ ಅಂದುಕೊಂಡು, ಕರೆಂಟು ಬರುವತನಕ ಊಟ ಮುಗಿಸೋಣವೆಂದು ತೊಟ್ಟಿಯ ಆಚೆ ತುದಿಯಲ್ಲಿ ಡಬ್ಬಿ ಬಿಚ್ಚಿದ್ದ. ಸ್ವಲ್ಪ ಘಾಟು ಅಲ್ಲಿ ದಿನಾ ಇದ್ದದ್ದೇ. ಆದರೆ ಗೋವಿಂದನ ಅಂಗಡಿಯ ರೇಡಿಯೋ ಹಾಡುತ್ತಲೇ ಇತ್ತು. ಕರೆಂಟಿನಲ್ಲೇ ಹಾಡುವ ರೇಡಿಯೋ. ನೀನು ಅದನ್ನೇ ನೋಡಿದೆಯಂತೆ. ಲೋಟ ಕೈಯಿಂದ ಬಿತ್ತಂತೆ. ಕರೆಂಟು ಇದೆ ಅಂದರೆ ಕಂಪ್ರೆಸರನ್ನು ನಿಲ್ಲಿಸಿದ್ದು ಪ್ಯಾನೆಲ್. ಪ್ಯಾನೆಲ್ ನಿಲ್ಲಿಸಿದೆ ಅಂದರೆ ಹೂಟರ್ ಕೂಗಬೇಕಿತ್ತು. ಅದು ಯಾಕೆ ಕೂಗುತ್ತಿಲ್ಲ ಎಂದು ಆ ಇಡೀ ಊರಲ್ಲಿ ನಿನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಗೇಟಿನಿಂದ ಒಳಗೆ ಓಡುವಾಗ ನಿನ್ನ ಎದೆಯಲ್ಲಿ ಏನಾಗುತ್ತಿತ್ತು ಮಾವ? ಅದನ್ನು ನೆನೆಸಿಕೊಂಡರೆ ನನ್ನ ಸಿಟ್ಟು ಒಂದು ಗಳಿಗೆ... ಬೇಡ, ಬಿಡು.

ವಾಲ್ವಿನ ಬುಡ ಬಿಟ್ಟುಕೊಂಡು ಅಮೋನಿಯಾ ಬುಸುಗುಟ್ಟುತ್ತಿತ್ತು. ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ಹೋದೆ. ಸೆಲ್ವಂನನ್ನು ಎಳೆದು ತಂದು ಹೊರಗೆ ಹಾಕಿದೆ. ಅಲ್ಲಿಗೆ ಸಾಕಿತ್ತು. ವಾಲ್ವ್ ಮುಚ್ಚಲು ಮತ್ತೆ ಒಳಗೆ ಹೋದೆ, ಮುಚ್ಚಿದೆ. ಆಸ್ಪತ್ರೆಯಲ್ಲಿ ಮೂರು ದಿನ. ನಾನು ಎರಡು ಸಲ ಬಂದೆ. ನೀನು ನನ್ನ ಕೈ ಹಿಡಿದು ಏನೋ ಹೇಳಲು ಬಾಯಿ ತೆರೆದೆ, ಬರೀ ಉಸಿರು ಬಂತು.

ಇನ್‌ಸ್ಪೆಕ್ಟರ್ ಬಂದು ಪ್ಯಾನೆಲ್ ಬಿಚ್ಚಿಸಿದ ದಿನ ನಾವೆಲ್ಲ ಸಾಲಾಗಿ ನಿಂತಿದ್ದೆವು. ಹೂಟರಿನ ತಂತಿ ತನ್ನ ಜಾಗದಲ್ಲಿರಲಿಲ್ಲ. ಪಕ್ಕಕ್ಕೆ ಬಗ್ಗಿಸಿ, ತುದಿಗೆ ಕಪ್ಪು ಟೇಪು ಸುತ್ತಿತ್ತು. ಟೇಪಿನ ಕೊನೆಯನ್ನು ಕಿವಿಯ ಹಾಗೆ ಒಂದಿಷ್ಟು ಮಡಚಿತ್ತು. ‘ಮುಂದೆ ಬಿಚ್ಚೋನಿಗೆ ಉಗುರು ಸಿಗ್ಲಿ ಕಣ್ಲಾ’ ಎಂದು ಹಾಗೆ ಮಡಚುತ್ತಿದ್ದವನು ಈ ಭೂಮಿಯ ಮೇಲೆ ಒಬ್ಬನೇ. ಯಜಮಾನರು “ಸಾರ್, ಕಾಂಟ್ರಾಕ್ಟರ್ ಇದನ್ನ ಜೋಡಿಸೇ ಇಲ್ಲ ಅನ್ಸುತ್ತೆ” ಅಂದರು. ಅಲ್ಲಿದ್ದ ಆರು ಜನಕ್ಕೂ ಗೊತ್ತಿತ್ತು, ಹೂಟರ್ ಮೊದಲು ಕೂಗುತ್ತಿತ್ತು, ಹನ್ನೊಂದು ವಾರದಿಂದ ಕೂಗುತ್ತಿಲ್ಲ ಎಂದು. ಒಬ್ಬನೂ ಬಾಯಿ ಬಿಡಲಿಲ್ಲ. ಸೆಲ್ವಂ ನೆಲ ನೋಡಿದ. ಧೀರನ ಹೆಸರು ಕೆಡಿಸುವವರು ಯಾರು? ನಾನೂ ಬಿಡಲಿಲ್ಲ. ಎಂಟು ದಿನದಲ್ಲಿ ಹೇಳಿಕೆ ಬರೆದುಕೊಡುತ್ತೇನೆ ಅಂದೆ. ಕೆಟ್ಟರೆ ನನ್ನ ಹೆಸರೇ ಕೆಡಲಿ, ಅತ್ತೆ ನಿನ್ನ ಫೋಟೋ ನೋಡಿಕೊಂಡಾದರೂ ಬದುಕಲಿ ಎಂದುಕೊಂಡೆ. ನನ್ನಂಥ ಲೆಕ್ಕಾಚಾರದ ಮನುಷ್ಯನಿಗೂ ಅವತ್ತು ಅಷ್ಟೊಂದು ಉದಾರ ಬುದ್ಧಿ ಬಂದಿತ್ತು!

ಮೂರನೇ ದಿನ ಬಂಗಾರಪೇಟೆಗೆ ಹೋದೆ. ಅಲ್ಲಿನ ಹಾಲು ತಂಪು ಮಾಡುವ ಘಟಕಕ್ಕೂ ಅದೇ ಪ್ಯಾನೆಲ್ ನಾನೇ ಕೂರಿಸಿದ್ದೆ. ನೋಡಿದರೆ ಅದರ ಒಂದು ದೀಪವೂ ಉರಿಯುತ್ತಿಲ್ಲ. ಕೀ ತಿರುಗಿಸಿ ಆಫ್ ಮಾಡಿ, ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಾರೆ. ಆಪರೇಟರ್ ನಕ್ಕ: “ಅಲ್ಲೇ ಒಬ್ಬರ ಪ್ರಾಣ ಓಗೋವಾಗ ನಿಮ್ಮ ಪೆಟ್ಟಿಗೆ ಕೂಗ್ಲಿಲ್ವಂತೆ. ಇಲ್ಲಿ ಕೂಗಿ ಏನು ಕಿತ್ತಾಕ್ತದೆ ಬಿಡಿ ಸಾರ್.” ಅವನ ಹಿಂದೆ ಹದಿನಾಲ್ಕು ಜನ ಹಾಲಿನ ಕ್ಯಾನ್ ಉರುಳಿಸುತ್ತಿದ್ದರು. ಎಣಿಸಿದೆ, ಚಾಳಿ. ನನ್ನ ಔದಾರ್ಯ ಆ ಕ್ಯಾಲೆಂಡರಿನ ಮುಂದೆ ಮುಗಿಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಹದಿನಾಲ್ಕು ಜನಕ್ಕೆ ಕೂಗಿ ಹೇಳುವವರು ಯಾರು?

ಇನ್‌ಸ್ಪೆಕ್ಟರಿಗಿಂತ ಮೊದಲು ಅತ್ತೆಗೆ ಹೇಳೋಣವೆಂದು ನೇರವಾಗಿ ನಿಮ್ಮ ಮನೆಗೆ ಬಂದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಸುತ್ತಿ ಬಳಸಿ ಮಾತು ಶುರು ಮಾಡಿದೆ.

“ತಂತಿ ವಿಷ್ಯ ತಾನೇ?” ಅಂದಳು. “ನಾನೇ ಯೋಳಿದ್ದು ಕಣೋ ಬಿಚ್ಚು ಅಂತ. ಅದನ್ನ ನಿಲ್ಸು, ಇಲ್ಲಾಂದ್ರೆ ನನ್ನ ಎದೆ ನಿಲ್ತದೆ ಅಂದಿದ್ದೆ. ಸೋಮವಾರ ಬಂದ್ರೆ ಸಾಕು, ಬೆಳಗ್ಗಿಂದ ನನ್ನ ಕೈಕಾಲು ಆಡ್ತಾ ಇರಲಿಲ್ಲ.”

ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಮೊದ್ಲು ನಿನ್ನ ಕೇಳಿದ್ರಂತಲ್ಲ, ಬೇರೆ ಸದ್ದು ಆಕು ಅಂತ. ನೀನೇನಂದೆ?”

ಏನೆಂದು ಹೇಳಲಿ? ಒಂದು ತಿಂಗಳಲ್ಲಿ ಅಭ್ಯಾಸ ಆಗುತ್ತದೆ ಅಂದೆ ಎಂದು ಹೇಳಲೇ? ನಿನಗೆ ಬೈಯಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಅರ್ಧದಷ್ಟಕ್ಕೆ ನನ್ನ ವಿಳಾಸವೇ ಇತ್ತು. ಅದಕ್ಕೂ ನಿನ್ನ ಮೇಲೆ ಸಿಟ್ಟು ಬಂತು. ಎರಡನೇ ಸಲ ಕೇಳಬಾರದಿತ್ತೇ? ಮೂರನೇ ಸೆನ್ಸರನ್ನು ಎರಡು ಸಲ ಮಾಡಿಸಿದವನು, ಇದೊಂದನ್ನು ಯಾಕೆ ಬೈದು ಮಾಡಿಸಲಿಲ್ಲ? ಅಂಗಡಿ ಇಟ್ಟ ಅಳಿಯನ ಹತ್ತಿರ ಎರಡು ಸಲ ಕೇಳಲು ನಾಚಿಕೆಯಾಯಿತೇ?

“ಬರಿ” ಅಂದಳು ಅತ್ತೆ. “ಅವ್ರದ್ದೂ ಬರಿ. ನಿಂದೂ ಬರಿ. ನನ್ನ ಎಸ್ರು ಆಕ್ತೀಯೋ ಬಿಡ್ತೀಯೋ, ನಿನ್ನಿಷ್ಟ.”

ಬರೆದೆ. ತಂತಿ ಬಿಚ್ಚಿದ್ದು ಮುನಿಯಪ್ಪನವರು, ಹನ್ನೊಂದು ವಾರ ಸುಳ್ಳು ಬರೆದದ್ದೂ ಅವರೇ. ಸದ್ದು ಬದಲಿಸಲು ಅವರು ಕೇಳಿದಾಗ ಆಗುವುದಿಲ್ಲ ಎಂದದ್ದು ನಾನು, ಆ ತಂತಿಗೆ ಕಾವಲಿಲ್ಲವೆಂದು ಗೊತ್ತಿದ್ದೂ ಹಾಗೇ ಬಿಟ್ಟದ್ದು ನಾನು. ಅತ್ತೆಯ ಹೆಸರು ಹಾಕಲಿಲ್ಲ. ಯಜಮಾನರು ಮಾರನೇ ದಿನವೇ ಬಾಗಿಲಲ್ಲಿದ್ದ ನಿನ್ನ ಫೋಟೋ ತೆಗೆಸಿಹಾಕಿದರು. ಲೈನ್ ಮನೆಗಳ ಜನ ನನ್ನ ಅಂಗಡಿಗೆ ಬರುವುದನ್ನು ಬಿಟ್ಟರು. ‘ಸತ್ತವನ ಮೇಲೆ ಹಾಕಿಬಿಟ್ಟ’ ಎಂದು ಆಚೆಯ ಕೋರಮಂಡಲ್ ಕೇರಿಯವರೆಗೂ ಮಾತು ಹಬ್ಬಿದೆ. ನನ್ನ ಪಾಲಿನದನ್ನೂ ಬರೆದಿದ್ದೇನೆ ಎಂಬುದು ಮಾತ್ರ ಎಲ್ಲೂ ಹಬ್ಬಲಿಲ್ಲ. ಬಂಗಾರಪೇಟೆಯಲ್ಲಿ ಕ್ಯಾಲೆಂಡರ್ ತೆಗೆಸಿ, ಹೇಳಿಕೆಯ ಪ್ರತಿಯನ್ನು ಓದಿ ಹೇಳಿ, ಪ್ಯಾನೆಲ್ ಆನ್ ಮಾಡಿಸಿದೆ. ಎರಡೂ ಕಡೆ ಹೂಟರಿನ ತಂತಿಗೂ ಹಳದಿ ದೀಪದ ಕಾವಲು ಕೊಟ್ಟೆ. ಇನ್ನು ಯಾವ ಧೀರನೂ ಅದನ್ನು ಗುಟ್ಟಾಗಿ ಬಿಚ್ಚುವಂತಿಲ್ಲ. ಐಸ್ ಫ್ಯಾಕ್ಟರಿಯದನ್ನು ತೆಗೆದು, ಬಾತುಕೋಳಿಯ ಹಾಗೆ ತುಂಡು ತುಂಡಾಗಿ ಕೂಗುವ ಬೇರೆ ಹೂಟರ್ ಹಾಕಿದೆ. ಅತ್ತೆಯನ್ನು ಕರೆದು ಕೇಳಿಸಿಯೂ ಆಯಿತು. “ಇದು ಸಂಗು ತರ ಇಲ್ಲ” ಎಂದು ಒಪ್ಪಿದಳು.

ಈಗ ನೀನು ಕೇಳಿರದ ಸುದ್ದಿ. ಹೋದ ಗುರುವಾರ ಅದು ನಿಜಕ್ಕೂ ಕೂಗಿತು. ಪೈಪಿನ ಬೆಸುಗೆ ಬಿಟ್ಟಿತ್ತು. ನಾನು ಆ ಹೊತ್ತಿಗೆ ಫ್ಯಾಕ್ಟರಿಯ ಗೇಟಿನಲ್ಲೇ ಇದ್ದೆ. ಸೆಲ್ವಂ ಎಲ್ಲರನ್ನೂ ಅಟ್ಟಿಕೊಂಡು ಹೊರಗೆ ಬಂದ. ಏಳು ಜನ, ಏಳೂ ತಲೆ ಎಣಿಸಿದೆ. ಅಷ್ಟರಲ್ಲಿ ಇಳಿಜಾರಿನಲ್ಲಿ ಅತ್ತೆ. ಬರಿಗಾಲು, ಸೆರಗು ನೆಲ ಗುಡಿಸುತ್ತಿತ್ತು. ಸದ್ದು ಬೇರೆಯಾದರೂ ಓಡಿ ಬಂದಿದ್ದಳು ಮಾವ. ಗೇಟು ಹಿಡಿದುಕೊಂಡು ಉಸಿರು ಸಿಕ್ಕುವತನಕ ನಿಂತಳು.

“ಎಲ್ರೂ ಆಚೆ ಬಂದ್ರಾ?”

“ಬಂದ್ರು ಅಕ್ಕಾ. ಎಲ್ಲಾರೂ” ಅಂದ ಸೆಲ್ವಂ.

ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಗೋವಿಂದನ ಬೆಂಚಿನ ಮೇಲೆ ಕೂತು, ಕಾಲಿಗೆ ಹೊಕ್ಕಿದ್ದ ಮುಳ್ಳು ಕಿತ್ತುಕೊಂಡು, ಒಂದು ಟೀ ಕೇಳಿದಳು. ಅಷ್ಟೇ ಆಯಿತು ಮಾವ. ಅವಳ ಎದೆ ನಿಲ್ಲಲಿಲ್ಲ.

ಅವಳನ್ನು ಓಡಲು ಬಿಡಬೇಕಿತ್ತು ನೀನು.

ನಿನ್ನ ಅಳಿಯ,
ನಾಗರಾಜ