ಸರ್ವಮಂಗಳೆಯ ಹೆಸರಿನ ಊಟ

ಬಾಳೆಹೊನ್ನೂರು
೧೨-೩-೧೯೩೯

ಅನ್ನಪೂರ್ಣಮ್ಮನವರಿಗೆ ಶರಣಾರ್ಥಿಗಳು.

ನಿಮ್ಮ ಸೊಸೆ ಸರ್ವಮಂಗಳೆಯ ವರ್ಷದ ದಿನ, ಅವಳ ಹೆಸರಿನಲ್ಲಿ ಮುತ್ತೈದೆಯಾಗಿ ಬಂದು ಉಣ್ಣಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಬರುವುದಿಲ್ಲ.

ಚಿಕ್ಕಂದಿನಲ್ಲಿ ನನ್ನ ಜೊತೆ ಭದ್ರಾ ಹೊಳೆ ಈಜಿ ದಾಟುತ್ತಿದ್ದವಳು ಹೋದ ವರ್ಷ ಚಳಿಜ್ವರದಲ್ಲಿ ನಡುಗುತ್ತಾ ನಿಮ್ಮ ಮನೆಯ ಭತ್ತ ಕುಟ್ಟುತ್ತಿದ್ದಳು. ಆಸ್ಪತ್ರೆಗೆ ಕರೆದೊಯ್ಯುತ್ತೇನೆಂದು ನಾನು ಬೇಡಿದಾಗ, "ಮೈಗಳ್ಳತನಕ್ಕೆ ಎಂತ ಔಷಧಿ ಮಾರಾಯ್ತಿ" ಎಂದು ನಕ್ಕಿರಿ. ನಾನೂ ಸುಮ್ಮನೆ ಹಿಂದಿರುಗಿದೆ. ನಾಲ್ಕನೆಯ ದಿನ ಅವಳು ಸತ್ತಳು. ಇಪ್ಪತ್ತೂ ತುಂಬಿರಲಿಲ್ಲ.

ಈಗ ಅವಳ ಮಗಳಿಗೂ ಜ್ವರವೆಂದು ನಿಮ್ಮ ಆಳು ಗುರುವ ಹೇಳಿದ. ನಾಳೆ ಬೆಳಿಗ್ಗೆ ಗಾಡಿ ಕಟ್ಟಿಸಿಕೊಂಡು ಬರುತ್ತೇನೆ. ಮಗುವಿಗೆ ಕಂಬಳಿ ಹೊದಿಸಿಡಿ. ಈ ಸಲ ನಿಮ್ಮ ಒಪ್ಪಿಗೆ ಕೇಳುವುದಿಲ್ಲ.

ಇಂತು,
ಸರ್ವಮಂಗಳೆಯ ಗೆಳತಿ
ನೀಲಾಂಬಿಕೆ